ಅಂತರಗಂಗೆ ನೀರು, ಫಿಲ್ಟರ್ ನೀರು, ಬೋರ್ ನೀರು: ಕೋಲಾರದಲ್ಲಿ ಯಾವುದು ಕುಡಿಯಬೇಕು?

ವರ್ಷವಿಡೀ ಹರಿಯುವ ಹೊಳೆ ಕೋಲಾರದ ಕಡೆ ಒಂದೂ ಇಲ್ಲ. ಊರಾಚೆ ಲೇಔಟ್‌ನಲ್ಲಿರುವ ನಮ್ಮಂಥವರಿಗೆ ಇರುವುದು ಮನೆಯ ಬೋರ್, ಕಾಯಿನ್ ಹಾಕಿ ಹಿಡಿಯುವ ಫಿಲ್ಟರ್ ನೀರು, ಇಲ್ಲವೇ ಅಂತರಗಂಗೆ ಬೆಟ್ಟದ ನೀರು. ಮೂರನ್ನೂ ಕುಡಿದಿದ್ದೇನೆ, ಮೂರರಲ್ಲೂ ಬೇಳೆ ಬೇಯಿಸಿದ್ದೇನೆ.

ಬೋರ್ ನೀರು ಕುಡಿಯಲು ಬೇಡವೇ ಬೇಡ. ಸಾವಿರ ಅಡಿ ದಾಟಿದ ಮೇಲೆ ಸಿಗುವ ಈ ನೀರು ಬಂಡೆಯ ಸಂದಿಯಲ್ಲಿ ಎಷ್ಟೋ ಕಾಲ ಇದ್ದು ಬಂದಿರುತ್ತದೆ, ಬಂಡೆಯ ಫ್ಲೋರೈಡ್ ಅದರಲ್ಲಿ ಕರಗಿರುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ಈ ಜಿಲ್ಲೆಯಲ್ಲಿ ಅದನ್ನು ದಾಟಿದ ಬೋರ್‌ಗಳು ಬೇಕಾದಷ್ಟಿವೆ. ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಕಲೆ ಇರುವವರನ್ನು ನೋಡಿರುತ್ತೀರಿ, ಅಲ್ವಾ? ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಅನ್ನುವವರಿದ್ದಾರೆ. ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಸ್ವಲ್ಪ ಜಾಸ್ತಿಯೇ ಆಗುತ್ತದೆ. ತೊಗರಿಬೇಳೆಯಂತೂ ಎಷ್ಟು ವಿಷಲ್ ಕೂಗಿಸಿದರೂ ಕಾಳುಕಾಳಾಗಿಯೇ ಇರುತ್ತದೆ.

ಇನ್ನು ಅಂತರಗಂಗೆ. ಮೆಟ್ಟಿಲು ಹತ್ತಿ ಹೋದರೆ ದೇವಸ್ಥಾನದ ಹತ್ತಿರ ಕಲ್ಲಿನ ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುತ್ತಿರುತ್ತದೆ. ಕ್ಯಾನನ್ನು ಬಸವನ ಬಾಯಿಗೇ ಹಿಡಿಯಬೇಕು, ಕಲ್ಯಾಣಿಯಲ್ಲಿ ಮುಳುಗಿಸಬೇಡಿ, ಅಲ್ಲಿ ಕಾಲು ತೊಳೆಯುವವರೂ ಇರುತ್ತಾರೆ. ಧಾರೆ ಸಣ್ಣ ಇದ್ದರೆ ಹಿಂದೆ ಬಿಂದಿಗೆ ಹಿಡಿದವರು ಕಾಯುತ್ತಿರುತ್ತಾರೆ, ಇರೋಬರೋ ಬಾಟಲಿಯನ್ನೆಲ್ಲ ಸಾಲಾಗಿ ಇಟ್ಟುಕೊಂಡು ಕೂರಬೇಡಿ. 20 ಲೀಟರ್ ಕ್ಯಾನ್ ತರುವ ಧೈರ್ಯ ಮಾಡಬೇಡಿ. ತುಂಬಿಸುವುದು ಸುಲಭ, ಅಷ್ಟು ಭಾರ ಹೊತ್ತು ಮೆಟ್ಟಿಲು ಇಳಿಯುವಾಗ ಮಂಡಿ ನಡುಗುತ್ತದೆ. ಎರಡು ಕೈಗೆ ಐದೈದು ಲೀಟರ್ ಸಾಕು. ತಿಂಡಿ ಕವರ್ ಮಾತ್ರ ಕೈಯಲ್ಲಿ ಬೇಡ, ಕೋತಿಗಳು ಕಿತ್ತುಕೊಂಡು ಹೋಗುತ್ತವೆ.

ರುಚಿಯಲ್ಲಿ ಇದಕ್ಕೆ ಸಾಟಿ ಇಲ್ಲ. ವಾಸನೆ ಇಲ್ಲ, ಉಪ್ಪಿಲ್ಲ, ಡಿಕಾಕ್ಷನ್ ಹಾಕಿದರೆ ಕಾಫಿಪುಡಿಯ ಘಮ ಪೂರ್ತಿ ಸಿಗುತ್ತದೆ. ಬೇಳೆ ಬೆಣ್ಣೆಯ ಹಾಗೆ ಬೇಯುತ್ತದೆ. ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆ ಬಿರುಕಿನಲ್ಲಿ ಇಳಿದು ಬರುವ ನೀರು ಇದು, ಬೋರ್ ನೀರಿನಷ್ಟು ಆಳಕ್ಕೆ ಹೋಗಿರುವುದಿಲ್ಲ.

ಆದರೆ ಮೇಲೆಲ್ಲ ಬಯಲು. ಕೋತಿ, ದನ, ಚಾರಣಕ್ಕೆ ಬಂದವರು, ಎಲ್ಲರ ಗಲೀಜೂ ಮಳೆಯಲ್ಲಿ ತೊಳೆದುಕೊಂಡು ಕೆಳಗೇ ಇಳಿಯಬೇಕು. 100 ಮಿಲಿಲೀಟರ್ ನೀರಿನಲ್ಲಿ ಮಲದಿಂದ ಬರುವ ಇ. ಕೊಲೈ ಅನ್ನುವ ಬ್ಯಾಕ್ಟೀರಿಯಾ ಒಂದೇ ಒಂದು ಕೂಡ ಇರಬಾರದು ಅನ್ನುತ್ತದೆ ಮಾನದಂಡ, ಅದು ಕಣ್ಣಿಗೂ ಕಾಣುವುದಿಲ್ಲ, ನೀರಿನಲ್ಲಿ ಕರಗಿದ ಉಪ್ಪಿನಂಶ ತೋರಿಸುತ್ತದೆ ಅಂತ ಎಲ್ಲರೂ ಜೇಬಿನಿಂದ ತೆಗೆಯುವ ಆ ಟಿಡಿಎಸ್ ಮೀಟರ್‌ಗೂ ಗೊತ್ತಾಗುವುದಿಲ್ಲ. ಹಾಗಾಗಿ ಕುದಿಸಿಯೇ ಕುಡಿಯುತ್ತೇನೆ. "ಗಂಗಮ್ಮನ್ನ ಯಾರಾದ್ರೂ ಕುದಿಸ್ತಾರೇನೋ?" ಅಂತ ಅಮ್ಮ ಬೈಯುತ್ತಲೇ ಇರುತ್ತಾರೆ. ಬೈಯಲಿ.

ಫಿಲ್ಟರ್ ನೀರಿಗೆ ರುಚಿ ಅನ್ನುವುದೇ ಇಲ್ಲ, ಸಪ್ಪೆ. ಆದರೂ ದಿನಬಳಕೆಗೆ ನನ್ನ ಓಟು ಇದಕ್ಕೇ. ಐದು ರೂಪಾಯಿಗೆ 20 ಲೀಟರ್, ಮನೆ ಹತ್ತಿರ, ಫ್ಲೋರೈಡನ್ನು ಅಲ್ಲಿನ ಆರ್‌ಒ ಯಂತ್ರ ತೆಗೆಯುತ್ತದೆ. ನೀರನ್ನು ಸೋಸುವ ಅದರ ಪೊರೆ, ಅಂದರೆ ಮೆಂಬ್ರೇನ್, ಸರಿ ಇದ್ದರೆ ಮಾತ್ರ ಅನ್ನುವುದು ನೆನಪಿರಲಿ. ನಾವು ಮೊದಲು ಹೋಗುತ್ತಿದ್ದ ಘಟಕದಲ್ಲಿ ನೀರು ಬರಬರುತ್ತಾ ಉಪ್ಪಾಯಿತು, ಮೆಂಬ್ರೇನ್ ಯಾವಾಗ ಬದಲಾಯಿಸಿದಿರಿ ಅಂತ ಕೇಳಿದರೆ ಅಲ್ಲಿದ್ದವರು ಸುಮ್ನೆ ನಕ್ಕರು. ಈಗ ಬೇರೆ ಕಡೆ ಹಿಡಿಯುತ್ತೇವೆ. ಶುದ್ಧ ಮಾಡುವಾಗ ಒಂದಿಷ್ಟು ನೀರು ಮೋರಿಗೆ ಹೋಗುತ್ತದೆ, ಕೋಲಾರದಂಥ ಊರಲ್ಲಿ ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಸದ್ಯ ಮಕ್ಕಳಿಗೆ ಕುಡಿಯಲು, ಅಡುಗೆಗೆ ಫಿಲ್ಟರ್ ನೀರು. ಪಾತ್ರೆ, ಬಟ್ಟೆ, ಸ್ನಾನಕ್ಕೆ ಬೋರ್. ಬೆಟ್ಟದ ಕಡೆ ಹೋದ ದಿನ ಎರಡು ಸಣ್ಣ ಕ್ಯಾನ್ ತುಂಬಿಸಿಕೊಂಡು ಬರುತ್ತೇನೆ. ಜೋರು ಮಳೆ ಬಂದ ಮಾರನೇ ದಿನ ಮಾತ್ರ ತರುವುದಿಲ್ಲ.