ಸ್ಪ್ರಿಂಗ್ ಇರುವ ಉಸಿರಾಟದ ಟ್ರೈನರ್: ವರ್ಷದ ಮೇಲೆ ಬಳಸಿ ಬರೆಯುತ್ತಿರುವುದು

ಮೊದಲೇ ಹೇಳಿಬಿಡುತ್ತೇನೆ, ಇದರಿಂದ ಶ್ವಾಸಕೋಶ ದೊಡ್ಡದಾಗಲ್ಲ. ಯಾರಾದರೂ ಹಾಗೆ ಹೇಳಿ ಮಾರಿದರೆ ನಂಬಬೇಡಿ. ಉಸಿರು ಎಳೆದುಕೊಳ್ಳುವ ಸ್ನಾಯುಗಳಿಗೆ ಭಾರ ಹಾಕಿ ಗಟ್ಟಿ ಮಾಡುತ್ತದೆ, ಅಷ್ಟೇ ಇದರ ಕೆಲಸ.

ನ್ಯುಮೋನಿಯಾ ವಾಸಿಯಾದ ಮೇಲೂ ನನಗೆ ಎರಡು ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು. ಆಸ್ಪತ್ರೆಯಲ್ಲಿ ಕೊಟ್ಟ ಮೂರು ಚೆಂಡಿನ ಸ್ಪೈರೋಮೀಟರ್, ಅಂದರೆ ಉಸಿರೆಳೆದರೆ ಚೆಂಡು ಮೇಲೇರುವ ಸಾಧನ, ಮನೆಯಲ್ಲೇ ಇತ್ತು. ಫಿಸಿಯೋಥೆರಪಿಸ್ಟ್ ಇನ್ನೊಂದು ತರಿಸಿ ಅಂದರು, ಅದೇ ಇದು. ಅಂಗೈಯಲ್ಲಿ ಹಿಡಿಯುವಷ್ಟು ಪ್ಲಾಸ್ಟಿಕ್ ಕೊಳವೆ, ಒಳಗೊಂದು ಸ್ಪ್ರಿಂಗ್, ತಿರುಗಿಸಿದರೆ ಭಾರ ಏರುತ್ತದೆ. ನನ್ನದರಲ್ಲಿ 9ರಿಂದ 41 ಸೆಂಟಿಮೀಟರ್ ನೀರಿನ ಒತ್ತಡದವರೆಗೆ (ಅಷ್ಟು ಎತ್ತರಕ್ಕೆ ನಿಂತ ನೀರು ತಳದ ಮೇಲೆ ಹಾಕುವ ಒತ್ತಡ) ಗುರುತು ಇದೆ. ಚೆಂಡಿನದು ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಇದು ಸಾವಿರಗಳ ಲೆಕ್ಕ. ಹಾಗಾದರೆ ವ್ಯತ್ಯಾಸ ಏನು?

ಚೆಂಡಿನದರ ಮೇಲೆ 600, 900, 1200 ಅಂತ ಬರೆದಿರುತ್ತದಲ್ವಾ, ಅದು ಸೆಕೆಂಡಿಗೆ ಎಷ್ಟು ಸಿಸಿ ಗಾಳಿ ಹೋಗುತ್ತಿದೆ ಅನ್ನುವ ಲೆಕ್ಕ. ಅಂದರೆ ವೇಗ. ಸುರ್ ಅಂತ ಒಮ್ಮೆ ಜೋರಾಗಿ ಎಳೆದರೆ ಮೂರೂ ಚೆಂಡು ಮೇಲೆ ಹಾರುತ್ತವೆ, ಮಕ್ಕಳು ಮಾಡುವುದೂ ಅದನ್ನೇ, ಆದರೆ ಎದೆಯೊಳಗೆ ಹೋದ ಗಾಳಿ ಸ್ವಲ್ಪವೇ. ನಿಧಾನಕ್ಕೆ ಎಳೆದು ಒಂದು ಚೆಂಡನ್ನು ಎರಡು ಮೂರು ಸೆಕೆಂಡ್ ಮೇಲೇ ನಿಲ್ಲಿಸಿದರೆ ಅದೇ ಒಳ್ಳೆಯದು. ಸಣ್ಣ ತೂತಿನ ಮೂಲಕ ಉಸಿರೆಳೆಯುವ ಸಾಧನಗಳೂ ಬರುತ್ತವೆ, ಅಲ್ಲೂ ವೇಗದ್ದೇ ಆಟ: ವೇಗ ಎರಡು ಪಟ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟು, ಮೆಲ್ಲಗೆ ಎಳೆದರೆ ತಡೆಯೇ ಇಲ್ಲದ ಹಾಗೆ. ಸ್ಪ್ರಿಂಗ್ ಹತ್ತಿರ ಈ ಕಳ್ಳಾಟ ನಡೆಯಲ್ಲ. ಗುರುತು ಮಾಡಿದ ಒತ್ತಡ ಮುಟ್ಟುವ ತನಕ ವಾಲ್ವ್ ತೆರೆಯುವುದೇ ಇಲ್ಲ, ನೀವು ಬೇಗ ಎಳೆಯಿರಿ, ನಿಧಾನ ಎಳೆಯಿರಿ, ಭಾರ ಅಷ್ಟೇ. ಬಿಡುವಾಗ ಮಾತ್ರ ಯಾವ ತಡೆಯೂ ಇಲ್ಲ.

ಆದರೆ ಆ ಭಾರವನ್ನು ಯಾವ ಸ್ನಾಯು ಹೊರುತ್ತದೆ ಅನ್ನುವುದು ನಿಮ್ಮ ಕೈಯಲ್ಲಿದೆ. ಸುಮ್ನೆ ಕೂತಾಗ ಹೆಚ್ಚಿನ ಕೆಲಸ ಮಾಡುವುದು ವಪೆ, ಅಂದರೆ ಎದೆಗೂ ಹೊಟ್ಟೆಗೂ ನಡುವೆ ಇರುವ ಡಯಾಫ್ರಮ್. ಭಾರ ಜಾಸ್ತಿಯಾದ ಕೂಡಲೇ ಕತ್ತಿನ ಸ್ನಾಯುಗಳೂ ನುಗ್ಗುತ್ತವೆ. ಕನ್ನಡಿ ಮುಂದೆ ಕೂತು ನೋಡಿ, ಕಿವಿಯ ಹಿಂದಿನಿಂದ ಎದೆಮೂಳೆಯ ತನಕ ಎರಡು ಹಗ್ಗ ಎದ್ದು ನಿಲ್ಲುತ್ತವೆ, ಭುಜ ಮೇಲೇರುತ್ತದೆ. ಫಿಸಿಯೋ ಮೇಡಂ ಪ್ರತಿ ಸಲ ಹೇಳುತ್ತಿದ್ದುದು ಒಂದೇ ಮಾತು: "ಭುಜ ಬಿಡಿ ಸರ್, ಕೈ ಪಕ್ಕೆ ಮೇಲಿಡಿ, ಪಕ್ಕೆ ಅಗಲ ಆಗಬೇಕು." ಭಾರ ಎರಡು ಗೆರೆ ಇಳಿಸಿದರೆ ಕತ್ತು ತಣ್ಣಗಾಗುತ್ತದೆ, ಪಕ್ಕೆ ಕೈಗೆ ತಾಗುತ್ತದೆ. ಭಾರಿ ನೋವು, ಭಾರಿ ಉಪಯೋಗ ಅನ್ನುವ ಜಿಮ್ ಲೆಕ್ಕ ಇಲ್ಲಿ ಬೇಡ. ತುಂಬಾ ಭಾರವಾದಾಗ ಕತ್ತು ಸೇರಿಕೊಳ್ಳುವುದೇನೂ ರೋಗ ಅಲ್ಲ, ಮೊದಲನೇ ಉಸಿರಿಗೇ ಸೇರಿಕೊಂಡರೆ ಭಾರ ಹೆಚ್ಚಾಯಿತು ಅಂತ.

ಇನ್ನೊಂದು ವಿಷಯ ಪೆಟ್ಟಿಗೆಯಲ್ಲಿ ಬಂದ ಚೀಟಿಯಲ್ಲಿ ಇರಲಿಲ್ಲ. ಭಾರ ಹೆಚ್ಚಿದ್ದಾಗ ಎದೆ ಪೂರ್ತಿ ತುಂಬುವ ಮೊದಲೇ ವಾಲ್ವ್ ತಾನಾಗೇ ಮುಚ್ಚಿಕೊಳ್ಳಬಹುದು, ಸಾಧನ ಕೆಟ್ಟಿದೆ ಅಂತ ವಾಪಸ್ ಕಳಿಸಬೇಡಿ. ಎದೆ ತುಂಬಿದಷ್ಟೂ ಈ ಸ್ನಾಯುಗಳು ಗಿಡ್ಡವಾಗುತ್ತವೆ, ಗಿಡ್ಡವಾದಷ್ಟೂ ಬಲ ಕಡಿಮೆ. ಅದಕ್ಕೇ ಮೊದಲು ಗಾಳಿ ಪೂರ್ತಿ ಹೊರಗೆ ಬಿಟ್ಟು ಅಲ್ಲಿಂದ ಎಳೆಯಬೇಕು, ಬಲ ಹೆಚ್ಚು ಇರುವುದು ಅಲ್ಲೇ.

ಸಾಮಾನ್ಯವಾಗಿ ಹೇಳುವ ಕ್ರಮ ದಿನಕ್ಕೆ ಎರಡು ಸಲ, ಸಲಕ್ಕೆ 30 ಉಸಿರು. ಹಲವು ಕಡೆ ಗರಿಷ್ಠ ಬಲದ, ಅಂದರೆ ನೀವು ಪೂರ್ತಿ ಜೋರು ಹಾಕಿ ಉಸಿರೆಳೆದಾಗ ಬರುವ ಒತ್ತಡದ, ಶೇ. 30ರಷ್ಟರಿಂದ ಶುರು ಮಾಡಿಸುತ್ತಾರೆ, ಆ ಗರಿಷ್ಠ ಎಷ್ಟು ಅಂತ ಅಳೆಸಿಕೊಂಡರೆ ಒಳ್ಳೆಯದು. ಬೇಗಬೇಗ ಎಳೆದರೆ ತಲೆ ತಿರುಗುತ್ತದೆ, ಆಗ ನಿಲ್ಲಿಸಿ. ಶ್ವಾಸಕೋಶದ ಸುತ್ತ ಗಾಳಿ ಸೇರಿದ ತೊಂದರೆ, ಹೊಸದಾಗಿ ಮುರಿದ ಪಕ್ಕೆಲುಬು, ಕಿವಿ ತಮಟೆಯ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಆಸ್ತಮಾ ಇದ್ದವರು ಇದಿದೆ ಅಂತ ಇನ್‌ಹೇಲರ್ ಬಿಡಬೇಡಿ.

ಫಲ? ಮಹಡಿ ಹತ್ತುವುದು ಸಲೀಸಾಗಿದೆ, ಫೋನಲ್ಲಿ ಮಾತಾಡಿಕೊಂಡೇ ಹತ್ತುತ್ತೇನೆ. ಅದರಲ್ಲಿ ಇದರ ಪಾಲೆಷ್ಟು, ದಿನಾ ನಡೆದಿದ್ದರ ಪಾಲೆಷ್ಟು ಅಂತ ಬಿಡಿಸಿ ಹೇಳಕ್ಕಾಗಲ್ಲ. ಮದುವೆ ಸೀಸನ್‌ನಲ್ಲಿ ಊರೂರು ತಿರುಗಿ ಬಿಟ್ಟಿದ್ದೆ, ಮತ್ತೆ ಶುರು ಮಾಡಿದಾಗ ಹಳೇ ಗುರುತು ಭಾರ ಅನ್ನಿಸಿತು.

ಬೈಯಬೇಕಾದ್ದೂ ಇದೆ. ಜೊಲ್ಲು ಕೊಳವೆಯೊಳಗೆ ಇಳಿಯುತ್ತದೆ, ತೊಳೆಯದಿದ್ದರೆ ವಾಲ್ವ್ ಅಂಟಿಕೊಳ್ಳುತ್ತದೆ. ಉಗುರುಬೆಚ್ಚನೆ ಸೋಪಿನ ನೀರು ಸಾಕು, ಕುದಿಸಬೇಡಿ. ಜೊತೆಗೆ ಬಂದ ಮೂಗಿನ ಕ್ಲಿಪ್ಪಿನ ಸ್ಪಂಜು ಬೇಗ ಕಿತ್ತು ಬಂತು. ಈಗ ಈಜುವವರು ಹಾಕುವ ಕ್ಲಿಪ್ಪೇ ಹಾಕುತ್ತೇನೆ.

ಬೆಟ್ಟದ ಗಾಳಿಯ ಅನುಭವ ಕೊಡುತ್ತೇವೆ ಅಂತ ಮಾರುವ ಮಾಸ್ಕ್ ಜೊತೆ ಇದನ್ನು ಹೋಲಿಸಿ ಕೇಳುತ್ತಾರೆ. ಆ ಮಾಸ್ಕ್ ಕೂಡ ಉಸಿರಿಗೆ ತಡೆ ಒಡ್ಡುವುದೇ, ನೀವಿರುವ ಜಾಗದ ಗಾಳಿಯನ್ನು ಬೆಟ್ಟದ ಮೇಲಿನ ಗಾಳಿ ಮಾಡಲ್ಲ. ಆಪರೇಷನ್ ಆಗಿ ಕಫ ಕಟ್ಟದಂತೆ ಎದೆ ಬಿಚ್ಚಿಕೊಳ್ಳಬೇಕು ಅನ್ನುವಷ್ಟೇ ಇದ್ದರೆ ಚೆಂಡಿನದೇ ಸಾಕು. ಉಸಿರಿನ ಸ್ನಾಯು ಸೋತಿದೆ ಅಂತ ಅಳೆದು ಹೇಳಿದವರಿಗೆ ಇದರ ದುಡ್ಡು ದಂಡ ಅಲ್ಲ. ಐದರಲ್ಲಿ ನಾಲ್ಕು ಸ್ಟಾರ್, ಒಂದು ಕಟ್ ಆಗಿದ್ದು ಕ್ಲಿಪ್ಪಿಗೂ ಆ ಚೀಟಿಗೂ.