ಜಾಂಗೊ ಅಡ್ಮಿನ್‌ಗೆ ಹೊಸ ರೂಪ: ಅನ್‌ಫೋಲ್ಡ್ ಬಿಟ್ಟು ಅಡ್ಮಿನ್ ಇಂಟರ್‌ಫೇಸ್ ಹಿಡಿದದ್ದೇಕೆ

ನಮ್ಮ ಊರಿನ ಗ್ರಂಥಾಲಯವೊಂದರ ಪುಸ್ತಕಗಳ ಲೆಕ್ಕವಿಡುವ ಜಾಂಗೊ ಅಪ್ಲಿಕೇಶನ್ನಿನ ಹೊಣೆ ನನ್ನದು. ಜಾಂಗೊ ಎಂದರೆ ಪೈಥಾನ್ ಭಾಷೆಯಲ್ಲಿ ವೆಬ್ ಅಪ್ಲಿಕೇಶನ್ ಕಟ್ಟುವ ಚೌಕಟ್ಟು. ಮಾಡೆಲ್ (ಡೇಟಾದ ವಿವರಣೆ) ಬರೆದು ನೋಂದಾಯಿಸಿದರೆ ಸಾಕು, ಪಟ್ಟಿ, ಫಾರ್ಮ್‌ಗಳಿರುವ ಅಡ್ಮಿನ್ ಪುಟಗಳನ್ನು, ಅಂದರೆ ಡೇಟಾ ನಿರ್ವಹಿಸುವ ಪುಟಗಳನ್ನು, ಜಾಂಗೊ ತಾನೇ ಸಿದ್ಧಪಡಿಸುತ್ತದೆ. ಆದರೆ ತರಬೇತಿಯ ಸರ್ವರ್ ಮತ್ತು ಅಸಲಿ ಸರ್ವರ್ ಎರಡೂ ನೋಡಲು ಒಂದೇ ಥರ ಇದ್ದುದರಿಂದ, ಕಲಿಯಲೆಂದು ನಮೂದಿಸಿದ ನಲವತ್ತು ಸುಳ್ಳು ಪುಸ್ತಕಗಳು ಒಂದು ದಿನ ಅಸಲಿ ಪಟ್ಟಿಗೇ ಸೇರಿಬಿಟ್ಟವು. ಅಂದೇ ಅಡ್ಮಿನ್ ಪುಟಗಳ ರೂಪ ಬದಲಿಸುವ ಪ್ಯಾಕೇಜ್, ಅಂದರೆ ಥೀಮ್, ಹುಡುಕತೊಡಗಿದೆ. ಅನ್‌ಫೋಲ್ಡ್, ಜಾಝ್‌ಮಿನ್, ಗ್ರಾಪೆಲ್ಲಿ ಸೇರಿ ನಾಲ್ಕನ್ನು ಪ್ರಯತ್ನಿಸಿ, ಈಗ ಜಾಂಗೊ ಅಡ್ಮಿನ್ ಇಂಟರ್‌ಫೇಸ್‌ನಲ್ಲಿ ನೆಲೆಸಿದ್ದೇನೆ.

ಅಂದದಲ್ಲಿ ಅನ್‌ಫೋಲ್ಡ್‌ಗೆ ಸಾಟಿಯಿಲ್ಲ. ಟೈಲ್‌ವಿಂಡ್ ಎಂಬ ವಿನ್ಯಾಸ ಸಾಧನವನ್ನು ಆಧರಿಸಿದ ಅದರ ಪುಟಗಳು ಹೊಸದಾಗಿ ಬರೆಸಿದ ಅಪ್ಲಿಕೇಶನ್ನಿನಂತೆಯೇ ಕಾಣುತ್ತವೆ. ಆದರೆ ಪ್ರತಿಯೊಂದು ಅಡ್ಮಿನ್ ಕ್ಲಾಸ್ (ಒಂದು ಮಾಡೆಲ್‌ನ ಪುಟಗಳು ಹೇಗಿರಬೇಕೆಂದು ಹೇಳುವ ಕೋಡ್) ಕೂಡ ಜಾಂಗೊದ ಮೂಲ ಕ್ಲಾಸ್ ಆದ ಮಾಡೆಲ್‌ಅಡ್ಮಿನ್ ಬದಲು ಅನ್‌ಫೋಲ್ಡ್‌ನ ಮಾಡೆಲ್‌ಅಡ್ಮಿನ್‌ನಿಂದ ಬರಬೇಕೆಂಬುದು ಅದರ ನಿಯಮ. ನಮ್ಮದೇ ಹನ್ನೊಂದು ಕ್ಲಾಸ್‌ಗಳನ್ನು ಅರ್ಧ ಗಂಟೆಯಲ್ಲಿ ಬದಲಾಯಿಸಿದೆ. ಬಳಕೆದಾರರ ಪುಟ ತೆರೆದಾಗ ಮಾತ್ರ ಅಲ್ಲಿನ ಪೆಟ್ಟಿಗೆಗಳಿಗೆ ಅಂಚೇ ಇರಲಿಲ್ಲ. ಎಲ್ಲಿ ಕ್ಲಿಕ್ ಮಾಡಿ ಬರೆಯಬೇಕೆಂಬುದೇ ತಿಳಿಯುತ್ತಿರಲಿಲ್ಲ.

ಬಳಕೆದಾರ ಮತ್ತು ಗುಂಪುಗಳ ಅಡ್ಮಿನ್ ಜಾಂಗೊದೊಳಗೇ ನೋಂದಣಿಯಾಗಿರುತ್ತವೆ. ಹೀಗಾಗಿ ಆ ನೋಂದಣಿಯನ್ನು ರದ್ದುಪಡಿಸಿ, ಅನ್‌ಫೋಲ್ಡ್‌ನ ಕ್ಲಾಸ್ ಸೇರಿಸಿ, ಮತ್ತೆ ನೋಂದಾಯಿಸಬೇಕು. ಪಾಸ್‌ವರ್ಡ್ ಬದಲಿಸುವ ಫಾರ್ಮ್‌ಗೂ ಅದರದೇ ಆವೃತ್ತಿಯನ್ನು ಕೊಡಬೇಕು. ಹೊರಗಿನಿಂದ ತಂದ ಪ್ರತಿ ಪ್ಯಾಕೇಜ್‌ನ ಅಡ್ಮಿನ್‌ಗೂ ಇದೇ ಕೆಲಸ. ವಾರಕ್ಕೊಂದು ಸಂಜೆ ಮಾತ್ರ ಬಿಡುವಿರುವ ನನಗೆ ಇದು ಮುಗಿಯದ ಬಾಕಿಯಾಯಿತು.

ಜಾಝ್‌ಮಿನ್‌ಗೆ ಇಂಥ ಬೇಡಿಕೆಯಿಲ್ಲ. ಬೂಟ್‌ಸ್ಟ್ರಾಪ್ ಎಂಬ ವಿನ್ಯಾಸ ಸಾಧನ ಬಲ್ಲವರಿಗೆ ಒಗ್ಗುತ್ತದೆ, ಉದ್ದದ ಫಾರ್ಮ್‌ಗಳನ್ನು ಟ್ಯಾಬ್‌ಗಳಾಗಿ ಒಡೆಯುವ ಅನುಕೂಲವಂತೂ ನಿಜಕ್ಕೂ ಒಳ್ಳೆಯದು. ಆದರೆ ಅದರ ಹೊಂದಾಣಿಕೆಗಳಿರುವುದು ಸೆಟ್ಟಿಂಗ್ಸ್ ಫೈಲಿನಲ್ಲಿ, ಅಂದರೆ ಬಣ್ಣವೊಂದನ್ನು ಬದಲಿಸಲೂ ನಾನೇ ಬೇಕು. ಗ್ರಾಪೆಲ್ಲಿ ಹಳೆಯದು, ಅಚ್ಚುಕಟ್ಟಾದದ್ದು. ಜಾಂಗೊದ ಆವೃತ್ತಿಗೆ ತಕ್ಕ ಆವೃತ್ತಿಯನ್ನೇ ಹುಡುಕಿ ಹಾಕಬೇಕು.

ಅಡ್ಮಿನ್ ಇಂಟರ್‌ಫೇಸ್‌ನಲ್ಲಿ ಥೀಮ್ ಇರುವುದು ಡೇಟಾಬೇಸ್‌ನಲ್ಲಿ. ಲೋಗೊ, ಶೀರ್ಷಿಕೆ, ಬಣ್ಣ ಎಲ್ಲವನ್ನೂ ಅಡ್ಮಿನ್ ಪುಟದಿಂದಲೇ ಬದಲಿಸಬಹುದು, ನಮ್ಮ ಕ್ಲಾಸ್‌ಗಳನ್ನು ಮುಟ್ಟಬೇಕಾಗಿಲ್ಲ. ಪರಿಸರದ (ಅಂದರೆ ಇದು ಯಾವ ಸರ್ವರ್ ಎಂಬುದರ) ಹೆಸರು ಮತ್ತು ಬಣ್ಣಕ್ಕೆಂದೇ ಅದರಲ್ಲಿ ಜಾಗವಿದೆ. ಈಗ ತರಬೇತಿಯ ಸರ್ವರ್‌ನ ಮೇಲ್ಪಟ್ಟಿಯಲ್ಲಿ ಕಿತ್ತಳೆ ಬಣ್ಣದ ಗುರುತಿನೊಡನೆ 'ತರಬೇತಿ' ಎಂಬ ಪದ ಕಾಣುತ್ತದೆ. ಬ್ರೌಸರ್ ಟ್ಯಾಬಿನ ಪುಟ್ಟ ಚಿತ್ರದ ಮೇಲೂ ಅದೇ ಬಣ್ಣದ ಗುರುತು. ನನಗೆ ಬೇಕಾಗಿದ್ದುದು ಇದೇ.

ಥೀಮ್ ಡೇಟಾಬೇಸ್‌ನಲ್ಲಿರುವುದರಿಂದಲೇ ಒಂದು ಎಚ್ಚರಿಕೆಯೂ ಬೇಕು. ಅಸಲಿ ಡೇಟಾವನ್ನು ತರಬೇತಿಯ ಸರ್ವರ್‌ಗೆ ನಕಲು ಮಾಡಿದಾಗ 'ಅಸಲಿ' ಎಂಬ ಗುರುತೂ ಜೊತೆಗೇ ಬರುತ್ತದೆ. ನಕಲು ಮಾಡುವ ಸ್ಕ್ರಿಪ್ಟಿನ ಕೊನೆಗೆ ಆ ಹೆಸರನ್ನೂ ಬಣ್ಣವನ್ನೂ ಬದಲಿಸುವ ಒಂದು ಸಾಲನ್ನು ಸೇರಿಸಿದ್ದೇನೆ. ಈ ಥೀಮ್ ಬಳಸುವವರು ಮೊದಲ ದಿನವೇ ಅಂಥ ಸಾಲನ್ನು ಸೇರಿಸಿಕೊಳ್ಳಬೇಕು.