ಟನ್ ಲೆಕ್ಕದಲ್ಲಿ ಸುಣ್ಣ, ಗೊಬ್ಬರ ತರಿಸುವವರೇ, ಬಿಲ್ಲಿನಲ್ಲಿ ಕೆಜಿ ಬರೆಸಿಕೊಳ್ಳಿ

ಸಿರ್ಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ತೋಟದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಮಳೆಗಾಲಕ್ಕೆ ಮುಂಚೆ ಲೋಡ್ ತರಿಸುವವರಂತೂ ಓದಲೇಬೇಕು.

ನಮ್ಮ ಕಡೆ ಮಣ್ಣು ಹುಳಿ. ಮಳೆ ಜಾಸ್ತಿ, ಸುಣ್ಣದ ಅಂಶ ತೊಳೆದು ಹೋಗುತ್ತದೆ. ಅದಕ್ಕೇ ಈ ಸಲ ನಮ್ಮ ಕೇರಿಯ ಕೆಲವು ಮನೆಯವರು ಸೇರಿ ಬಯಲುಸೀಮೆಯ ಒಬ್ಬ ವ್ಯಾಪಾರಿಯಿಂದ 10 ಟನ್ ಡೋಲೋಮೈಟ್ ಪುಡಿ (ಸುಣ್ಣದ ಅಂಶ ಇರುವ ಕಲ್ಲಿನ ಪುಡಿ) ತರಿಸಿದೆವು. ಫೋನಿನಲ್ಲಿ ಮಾತಾಗಿದ್ದು ಇಷ್ಟೇ: ಟನ್ನಿಗೆ ಇಂತಿಷ್ಟು ದರ, ಟನ್ನಿಗೆ 20 ಚೀಲ. ಇದನ್ನು ಕೇಳಿದ ಯಾರೇ ಆದರೂ ಚೀಲಕ್ಕೆ 50 ಕೆಜಿ ಅಂತಲೇ ತಿಳಿಯುತ್ತಾರೆ, ಅಲ್ವಾ?

ಲಾರಿ ಬಂತು. ಎಣಿಸಿದರೆ ಸರಿಯಾಗಿ 200 ಚೀಲ. ಆದರೆ ಚೀಲದ ಮೇಲೆ ತೂಕ ಮುದ್ರಿಸಿರಲಿಲ್ಲ. ಹಳೆಯ ಪ್ಲಾಸ್ಟಿಕ್ ಚೀಲಗಳು, ಬಾಯಿಗೆ ಕೈಹೊಲಿಗೆ. ಇಳಿಸುತ್ತಿದ್ದ ಹುಡುಗರೇ ಮೊದಲು ಹೇಳಿದ್ದು, "ಇದು ಐವತ್ತರ ಚೀಲ ಅಲ್ಲ, ಹಗುರ ಇದೆ" ಅಂತ. ಅಡಿಕೆ ತೂಗುವ ಕಾಟಾ ಜಗಲಿಯಲ್ಲೇ ಇತ್ತು. ಒಂದು ಚೀಲ ಇಟ್ಟೆವು: 45 ಕೆಜಿ 300 ಗ್ರಾಂ. ಇನ್ನೊಂದು ಇಟ್ಟೆವು: 45 ಕೆಜಿ 400 ಗ್ರಾಂ. ಇಳಿಸುವುದನ್ನು ಅಲ್ಲಿಗೇ ನಿಲ್ಲಿಸಿದೆವು. ಇಳಿದ ಚೀಲಗಳನ್ನೂ ಮತ್ತೆ ಹೇರಿಸಿ ಲಾರಿಯನ್ನು ವೇಬ್ರಿಡ್ಜಿಗೆ ಒಯ್ದೆವು. ತುಂಬಿದ ಲಾರಿ 14,720 ಕೆಜಿ. ಮಾಲು ಇಳಿಸಿದ ಮೇಲೆ ಅದೇ ವೇಬ್ರಿಡ್ಜಿನಲ್ಲಿ ಖಾಲಿ ಲಾರಿ 5,650. ಅಂದರೆ ಮಾಲು 9,070 ಕೆಜಿ.

ವ್ಯಾಪಾರಿಗೆ ಫೋನ್ ಮಾಡಿದರೆ ಅವನಿಗೆ ಸ್ವಲ್ಪವೂ ಅಳುಕಿಲ್ಲ. "ಸರಿನ ಐತ್ರಿ ಹೆಗಡೇರ. ಟನ್ ಅಂದ್ರ 907 ಕೆಜಿ. ಮೊಬೈಲ್‌ನ್ಯಾಗ ನೋಡ್ರಿ ಬೇಕಾರ" ಅಂದ. ಕೂಡಲೇ ಯಾವುದೋ ಅಳತೆ ಆ್ಯಪಿನ ಫೋಟೋ ಕಳಿಸಿದ. ಅದರಲ್ಲಿ ನಿಜವಾಗಿಯೂ ಹಾಗೇ ಇತ್ತು.

ಟನ್ ಅನ್ನುವ ಹೆಸರಿನಲ್ಲಿ ಮೂರು ತೂಕಗಳಿವೆ. ಅಮೆರಿಕದ್ದು 2000 ಪೌಂಡಿನ ಟನ್, 907.18 ಕೆಜಿ. ಬ್ರಿಟಿಷರ ಹಳೆಯದು 2240 ಪೌಂಡಿನದ್ದು, ಸುಮಾರು 1016 ಕೆಜಿ. ನಮ್ಮದು ಮೆಟ್ರಿಕ್ ಟನ್, 1000 ಕೆಜಿ, ಅಂದರೆ 10 ಕ್ವಿಂಟಾಲ್. ಕೆಲವು ಆ್ಯಪ್‌ಗಳಲ್ಲಿ ಸುಮ್ನೆ ಟನ್ ಅಂತ ಒತ್ತಿದರೆ ಅಮೆರಿಕದ್ದೇ ಬರುತ್ತದೆ. ಆ ಮನುಷ್ಯ ಅದನ್ನೇ ಹಿಡಿದುಕೊಂಡು ಚೀಲ ತುಂಬಿಸಿದ್ದಾನೆ. ಕೊಟ್ಟ ಪ್ರತಿ 100 ರೂಪಾಯಿಯಲ್ಲಿ 9 ರೂಪಾಯಿ 30 ಪೈಸೆಯ ಮಾಲು ನಮಗೆ ಬರಲೇ ಇಲ್ಲ. ಇದು ಲೆಕ್ಕದ ಗೊಂದಲ ಅಂತ ನಾನು ಒಪ್ಪುವುದಿಲ್ಲ. ದರ ಹೇಳುವಾಗ 1000 ಕೆಜಿ, ಚೀಲ ತುಂಬುವಾಗ 907 ಕೆಜಿ ಆದರೆ ಅದು ಮೋಸವೇ.

ಹಿಂದೆ ಇಂಥದ್ದಕ್ಕೆ ಜಾಗ ಇತ್ತು. ನಮ್ಮ ಜಿಲ್ಲೆ ಮೊದಲು ಮದ್ರಾಸ್ ಪ್ರಾಂತ್ಯದಲ್ಲಿತ್ತು, 1862ರಲ್ಲಿ ಮುಂಬಯಿಗೆ ಸೇರಿತು. ಮದ್ರಾಸಿನ ಮಣ 25 ಪೌಂಡ್, ಮುಂಬಯಿ ಮಣ 28 ಪೌಂಡ್, ಬಂಗಾಳದ ಮಣವಂತೂ 37 ಕೆಜಿಗೂ ಜಾಸ್ತಿ. ಈ ಗೋಜಲು ತೆಗೆಯಲಿಕ್ಕೆಂದೇ 1956ರಲ್ಲಿ ದೇಶಕ್ಕೆಲ್ಲ ಮೆಟ್ರಿಕ್ ಅಳತೆಯ ಕಾನೂನು ಬಂತು. ಈಗಿರುವುದು 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆ. ಅದರ ಪ್ರಕಾರ ಬೇರೆ ಅಳತೆಯಲ್ಲಿ ದರ ಹೇಳುವಂತೆಯೇ ಇಲ್ಲ. ಅಮೆರಿಕದ ಟನ್ ತೋರಿಸಿ ಇಲ್ಲಿ ಬಿಲ್ ಮಾಡಲು ಯಾರಿಗೂ ಹಕ್ಕಿಲ್ಲ.

ಅದೇ ವ್ಯಾಪಾರಿಯ ಕರಪತ್ರದಲ್ಲಿ ಇನ್ನೊಂದು ತಪ್ಪಿತ್ತು, ಅದು ಇನ್ನೂ ಅಪಾಯದ್ದು. ನಮ್ಮ ಮಣ್ಣು ಪರೀಕ್ಷೆಯ ವರದಿಯಲ್ಲಿ ಇದ್ದದ್ದು ಹೆಕ್ಟೇರಿಗೆ 2 ಟನ್. ಅವನ ಕರಪತ್ರದಲ್ಲಿ ಎಕರೆಗೆ 2 ಟನ್! ಒಂದು ಹೆಕ್ಟೇರ್ ಅಂದರೆ ಸುಮಾರು ಎರಡೂವರೆ ಎಕರೆ. ನಿಜವಾಗಿ ಬೇಕಾದದ್ದು ಎಕರೆಗೆ 810 ಕೆಜಿ, ಗುಂಟೆಗೆ 20 ಕೆಜಿ. ಸುಣ್ಣ ಮಿತಿಮೀರಿದರೆ ಸತು, ಕಬ್ಬಿಣ, ಬೋರಾನ್ ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗುವುದಿಲ್ಲ. ಹಾಕಿದ್ದನ್ನು ವಾಪಸ್ ತೆಗೆಯಲಿಕ್ಕೂ ಆಗುವುದಿಲ್ಲ. ಒಂದು ಸುಲಭದ ಲೆಕ್ಕ ನೆನಪಿಡಿ: ಹೆಕ್ಟೇರಿಗೆ ಎಷ್ಟು ಟನ್ ಅಂತ ಇದೆಯೋ, ಅದರ ಹತ್ತು ಪಟ್ಟು ಕೆಜಿ ಒಂದು ಗುಂಟೆಗೆ.

ಮಕ್ಕಳು ಇಂಟರ್ನೆಟ್ಟಿನಿಂದ ಸಂಶೋಧನಾ ವರದಿ ತೆಗೆದುಕೊಟ್ಟರೆ ಅದರಲ್ಲಿ ಟನ್ ಬದಲು ಮೆಗಾಗ್ರಾಂ ಅಂತ ಇರಬಹುದು. 1 ಮೆಗಾಗ್ರಾಂ ಅಂದರೆ 10 ಲಕ್ಷ ಗ್ರಾಂ, ಅಂದರೆ 1000 ಕೆಜಿಯೇ. ಇಂಗ್ಲಿಷಿನಲ್ಲಿ ಅದರ ಗುರುತು ದೊಡ್ಡ ‘ಎಂ’, ಪಕ್ಕದಲ್ಲಿ ‘ಜಿ’. ಸಣ್ಣ ‘ಎಂ’ ಆದರೆ ಮಿಲಿಗ್ರಾಂ. ಎರಡರ ನಡುವೆ 100 ಕೋಟಿ ಪಟ್ಟು ಅಂತರ. ಕಾರ್ಬನ್ ಕ್ರೆಡಿಟ್ (ಗಿಡಮರ ಹೀರಿ ಹಿಡಿದಿಟ್ಟ ಇಂಗಾಲದ ಲೆಕ್ಕಕ್ಕೆ ಕೊಡುವ ದುಡ್ಡು) ಹೆಸರಿನಲ್ಲಿ ಯಾರಾದರೂ ತೋಟಕ್ಕೆ ಬಂದು ಟನ್ನಿಗೆ ಇಷ್ಟು ಕೊಡುತ್ತೇವೆ ಅಂದರೂ, ಯಾವುದರ ಟನ್ ಅಂತ ಕೇಳಿ. 1 ಟನ್ ಇಂಗಾಲ ಅಂದರೆ 3.67 ಟನ್ ಕಾರ್ಬನ್ ಡೈಆಕ್ಸೈಡ್. ಒಂದು ಕ್ರೆಡಿಟ್ ಲೆಕ್ಕವಾಗುವುದು ಕಾರ್ಬನ್ ಡೈಆಕ್ಸೈಡಿನ ಒಂದು ಮೆಟ್ರಿಕ್ ಟನ್ನಿಗೆ.

ನಮ್ಮ ವ್ಯಾಪಾರಿ ಬಹಳ ಜಗ್ಗಾಡಿ ಕೊರತೆಯ ಅರ್ಧ ದುಡ್ಡು ಹಾಕಿದ್ದಾನೆ. ಉಳಿದದ್ದಕ್ಕೆ ವೇಬ್ರಿಡ್ಜ್ ಚೀಟಿ, ಬಿಲ್ಲು, ಅವನೇ ಕಳಿಸಿದ ಫೋಟೋ ಇಟ್ಟು ದೂರು ಕೊಡುತ್ತಿದ್ದೇವೆ. ನಿಮಗೂ ಹೀಗಾಗಿದ್ದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಬಹುದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ತುಂಬಿದ ಲಾರಿಯ ತೂಕ ಇಳಿಸುವ ಮೊದಲೇ ಆಗಿರಬೇಕು. ಒಮ್ಮೆ ಚೀಲ ಬಿಚ್ಚಿ ತೋಟಕ್ಕೆ ಹಾಕಿದ ಮೇಲೆ ಯಾವ ಸಾಕ್ಷಿಯೂ ಉಳಿಯುವುದಿಲ್ಲ.